ಲೋಟಕ್ಕೊಂದು ಮುಚ್ಚಳ

ಸ್ಪೇನಿನ ಸೆವಿಲ್ ನಗರದ ವಸಂತ ಜಾತ್ರೆ 1847ರಲ್ಲಿ ದನಗಳ ಸಂತೆಯಾಗಿ ಶುರುವಾದದ್ದು. ಈಗ ಅಲ್ಲಿ ದನಗಳಿಲ್ಲ. ಮೊದಲ ರಾತ್ರಿ ಡೇರೆಗಳಲ್ಲಿ ಕರಿದ ಮೀನಿನ ತಟ್ಟೆಗಳು, ಜೊತೆಗೆ ಮನ್ಸಾನೀಯ ಎಂಬ ತಿಳಿ ವೈನ್. ಸಮುದ್ರದಂಚಿನ ಸಾನ್‌ಲೂಕರ್ ಊರಿನದು. ಪೀಪಾಯಿಯಲ್ಲಿ ಇದರ ಮೇಲೆ ಯೀಸ್ಟ್ ಕೆನೆಗಟ್ಟಿ, ಗಾಳಿ ತಾಗದಂತೆ ಕಾಯುತ್ತದೆ. ಸಿಹಿಯಿಲ್ಲದ ಈ ವೈನ್ ನಾಲಿಗೆಯ ಜಿಡ್ಡನ್ನು ತೊಳೆಯುತ್ತದೆಂದೇ ಕರಿದ ಮೀನಿಗೆ ಜೋಡಿ.

ಇಂಥ ಪುಟ್ಟ ತಿನಿಸಿಗೆ ಸ್ಪೇನಿನಲ್ಲಿ 'ತಾಪಾ' ಎನ್ನುತ್ತಾರೆ, ಅರ್ಥ, ಮುಚ್ಚಳ. ನೊಣ ಬೀಳದಂತೆ ಲೋಟದ ಮೇಲೆ ಬ್ರೆಡ್ ಚೂರು ಇಡುತ್ತಿದ್ದರಂತೆ. (ದಾಖಲೆ ಕೇಳಬೇಡಿ, ಕಥೆ ಚೆನ್ನಾಗಿದೆ!)

ಹೊಟ್ಟೆಯೊಳಗೂ ಈ ಮುಚ್ಚಳಕ್ಕೆ ಕೆಲಸವುಂಟು. ಖಾಲಿ ಹೊಟ್ಟೆಯಲ್ಲಿ ಮದ್ಯ ಬೇಗನೆ ಸಣ್ಣ ಕರುಳಿಗಿಳಿದು ರಕ್ತ ಸೇರುತ್ತದೆ. ತಿಂದಿದ್ದರೆ ತಡವಾಗುತ್ತದೆ. ತಡವಾಗುತ್ತದೆ ಅಷ್ಟೆ, ಇಲ್ಲವಾಗುವುದಿಲ್ಲ. ಮನ್ಸಾನೀಯದಲ್ಲಿ ಮದ್ಯಸಾರ ಶೇಕಡಾ 15ರಷ್ಟು. ಲೋಟ ಚಿಕ್ಕದೆಂದು ಮೋಸಹೋಗಬಾರದು.

ಓದಲು ಪರದೇಶಕ್ಕೆ ಹೊರಟ ಮಕ್ಕಳಿಗೆ ನಾವು ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಡುತ್ತೇವೆ. ಈ ಮಾತು ಬಂದಾಗ ಮಾತ್ರ ಅಪ್ಪ ಪೇಪರ್ ಬಿಡಿಸುತ್ತಾರೆ, ಅಮ್ಮ ಅಡುಗೆಮನೆಗೆ ಹೋಗುತ್ತಾರೆ. ಮಕ್ಕಳು ಅದನ್ನು ಗೆಳೆಯರಿಂದ ಕಲಿಯುತ್ತಾರೆ.

ಅಂದಹಾಗೆ, ಸೆವಿಲ್‌ನಲ್ಲಿ ನಡುರಾತ್ರಿಗೆ ಜಾತ್ರೆಯ ಮಹಾದ್ವಾರದ ದೀಪಗಳು ಒಮ್ಮೆಗೇ ಹತ್ತಿಕೊಳ್ಳುತ್ತವೆ. ಬರೀ ನೀರು ಕುಡಿದವರಿಗೂ ಅವು ಕಾಣುತ್ತವೆ.