ನರಿ ತೋರಿಸಿದ ದಾರಿ

ಅದನ್ನು ಅಪಘಾತ ಅನ್ನಬೇಡಿ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

1942ರ ಜನವರಿ 30. ಇಂಗ್ಲೆಂಡಿನ ಬ್ರ್ಯಾಮ್‌ಕೋಟ್ ನೆಲೆಯಿಂದ ಒಂದು ವೆಲಿಂಗ್ಟನ್ ಬಾಂಬರ್ ತರಬೇತಿಗೆಂದು ಮೇಲೆದ್ದಿತು. ಒಳಗಿದ್ದವರು ಆರು ಜನ, ಎಲ್ಲರೂ ಪೋಲೆಂಡಿನವರು. ಹಿಟ್ಲರ್ ನುಂಗಿದ ತಾಯ್ನೆಲವನ್ನು ಬಿಡಿಸಿಕೊಳ್ಳಬೇಕೆಂದು ಪರನಾಡಿಗೆ ಬಂದು ಸೇನೆ ಸೇರಿದವರು. ಯಾರ್ಕ್‌ಶೈರ್ ಡೇಲ್ಸ್‌ನಲ್ಲಿ ಬಕ್ಡನ್ ಪೈಕ್ ಎಂಬ ಬೆಟ್ಟವಿದೆ, 702 ಮೀಟರ್ ಎತ್ತರ. ಹಿಮದ ಬಿರುಗಾಳಿಗೆ ಸಿಕ್ಕ ವಿಮಾನ ಆ ಬೆಟ್ಟಕ್ಕೆ ಅಪ್ಪಳಿಸಿತು. ವೈರಿ ಒಂದು ಗುಂಡೂ ಹಾರಿಸಿರಲಿಲ್ಲ.

ಬದುಕಿದವನು ಒಬ್ಬನೇ, ಬಾಲದಲ್ಲಿ ಕೂತಿದ್ದ ಗನ್ನರ್. ಕಾಲಿನ ಗಿಣ್ಣು ಮುರಿದಿತ್ತು. ಇನ್ನೊಬ್ಬ ಜೊತೆಗಾರನಲ್ಲೂ ಆಗ ಜೀವವಿತ್ತು, ಆಮೇಲೆ ಹೋಯಿತು. ಸುತ್ತ ಬಿಳಿ ಬಿಟ್ಟರೆ ಬೇರೇನೂ ಇಲ್ಲ. ಆ ಬಿಳಿಯ ಮೇಲೆ ನರಿಯ ಹೆಜ್ಜೆ ಕಂಡವು. ಹಸಿದ ನರಿ ಜನವಸತಿ ಇರುವ ಕಡೆಗೇ ಇಳಿದಿರಬೇಕು ಎಂದುಕೊಂಡ. ತೆವಳಿ ತೆವಳಿ ಕ್ರೇ ಎಂಬ ಪುಟ್ಟ ಊರು ಮುಟ್ಟಿದ.

ಆ ಕಾಲದ ತರಬೇತಿಯ ಪರಿ ಕೇಳಿ. ದಾಳಿಗೆ ಹೋಗಿ ಹೋಗಿ ಸವೆದ ವಿಮಾನಗಳನ್ನೇ ಎಷ್ಟೋ ಸಲ ಕಲಿಯುವ ಹುಡುಗರಿಗೆ ಕೊಡುತ್ತಿದ್ದರು. ದಾರಿ ಹಿಡಿಯಲು ನಕ್ಷೆ, ದಿಕ್ಸೂಚಿ, ಗಡಿಯಾರ. ಗಾಳಿಯ ಲೆಕ್ಕ ಬರೀ ಅಂದಾಜು. ಮೋಡದೊಳಗೆ ಆ ಅಂದಾಜು ತಪ್ಪಿದರೆ ಹೇಳುವವರಿಲ್ಲ. ನೆಲ ಕಂಡೀತೆಂದು ಕೆಳಗಿಳಿದರೆ ಎದುರಿಗೆ ಗುಡ್ಡ. ಒಂದು ಸಲ ಆಗಿದ್ದರೆ ಗ್ರಹಚಾರ ಅನ್ನಬಹುದಿತ್ತು. ಪೀಕ್ ಡಿಸ್ಟ್ರಿಕ್ಟಿನಲ್ಲಿ, ವೇಲ್ಸ್‌ನಲ್ಲಿ, ಸ್ಕಾಟ್ಲೆಂಡಿನಲ್ಲಿ ಇಂಥ ವಿಮಾನಗಳ ತಗಡು ಇವತ್ತಿಗೂ ಹುಲ್ಲಿನ ನಡುವೆ ಬಿದ್ದಿದೆ. ಬ್ರಿಟನ್ನಿನ ಬಾಂಬರ್ ಕಮಾಂಡ್ ಕಳೆದುಕೊಂಡ 55,573 ಮಂದಿಯಲ್ಲಿ 8,000ಕ್ಕೂ ಹೆಚ್ಚು ಜನ ದಾಳಿಗೆ ಹೋದಾಗ ಸತ್ತವರಲ್ಲ. ತರಬೇತಿಯಲ್ಲಿ, ಅಂಥವೇ ಹಾರಾಟಗಳಲ್ಲಿ ಸತ್ತವರು.

ಯುದ್ಧಕಾಲ, ಅವಸರವಿತ್ತು ಅನ್ನುತ್ತಾರೆ. ಇತ್ತು, ಒಪ್ಪಿದೆ. ಆದರೆ ಬೆಟ್ಟ ರಾತ್ರೋರಾತ್ರಿ ಎದ್ದು ನಿಂತದ್ದಲ್ಲ. ಜನವರಿಯಲ್ಲಿ ಅಲ್ಲಿ ಹಿಮ ಸುರಿಯುತ್ತದೆಂದು ಕುರಿ ಕಾಯುವ ಹುಡುಗನಿಗೂ ಗೊತ್ತಿತ್ತು. ಮೇಜಿನ ಮುಂದೆ ಕೂತು ಹಾರಾಟದ ಪಟ್ಟಿ ಬರೆದವರಿಗೆ ಗೊತ್ತಿರಲಿಲ್ಲವೆಂದರೆ ನಾನು ನಂಬುವುದಿಲ್ಲ. ಗೊತ್ತಿತ್ತು. ಗೊತ್ತಿದ್ದೂ ಕಳಿಸಿದರು. ಇಷ್ಟು ಜನ ಹೋಗುತ್ತಾರೆ ಎಂದು ಮೊದಲೇ ಲೆಕ್ಕಕ್ಕೆ ಹಿಡಿದುಕೊಳ್ಳುವುದು ಕೈಯಾರೆ ಮಾಡುವ ಕೆಲಸ. ವಿಧಿಯ ತಲೆಗೆ ಅದನ್ನು ಕಟ್ಟಬೇಡಿ.

ಆ ಬೆಟ್ಟದ ಮೇಲೆ ಒಂದು ಶಿಲುಬೆ ಇದೆ. 1973ರಲ್ಲಿ, 31 ವರ್ಷದ ಮೇಲೆ, ಅದನ್ನು ನಿಲ್ಲಿಸಿದವನು ಅಂದು ಬದುಕಿ ಬಂದ ಆ ಗನ್ನರನೇ. ಬುಡದಲ್ಲಿ ವಿಮಾನದ ಚೂರುಗಳನ್ನು ಸೇರಿಸಿದ್ದಾನೆ. ಅಲ್ಲೇ ಒಂದು ನರಿಯ ತಲೆಯೂ ಇದೆ, ಕಂಚಿನದು.