ಮಾರಿದ ಕಂಪನಿ, ಕಟ್ಟಿಹಾಕಿದ ಕಂಪನಿ

ಸಾರ್ವಜನಿಕ ರಂಗದ ಉದ್ದಿಮೆಯೊಂದು ನಷ್ಟಕ್ಕೆ ಬಿದ್ದಾಗಲೆಲ್ಲ ನಮ್ಮ ದೇಶದಲ್ಲಿ ಒಂದೇ ಔಷಧವನ್ನು ಸೂಚಿಸಲಾಗುತ್ತದೆ: ಮಾರಿಬಿಡಿ. ಇದನ್ನು ಹೇಳುವವರು ಉದ್ಯಮಪತಿಗಳು ಮಾತ್ರವಲ್ಲ. ಶಿಡ್ಲಘಟ್ಟದ ಚಹಾದಂಗಡಿಯಲ್ಲೂ ಚಿಂತಾಮಣಿಯ ಮಂಡಿಯಲ್ಲೂ ಬಿಎಸ್‌ಎನ್‌ಎಲ್ ಪ್ರಸ್ತಾಪ ಬಂದರೆ ಇದೇ ತೀರ್ಪು ಕೇಳಿಬರುತ್ತದೆ. ವಿಎಸ್‌ಎನ್‌ಎಲ್ ಟಾಟಾ ಪಾಲಾದ ಮೇಲೆ ಹೇಗೆ ಬೆಳೆಯಿತು ನೋಡಿ, ಸರಕಾರದ ಕೈಯಲ್ಲುಳಿದ ಬಿಎಸ್‌ಎನ್‌ಎಲ್ ಗತಿ ಏನಾಯಿತು ನೋಡಿ ಎಂಬುದು ಅವರ ಸಾಕ್ಷ್ಯ. ಈ ಸಾಕ್ಷ್ಯವನ್ನು ನಾವು ಒಮ್ಮೆ ಸರಿಯಾಗಿ ವಿಚಾರಣೆಗೆ ಒಳಪಡಿಸಬೇಕಾಗಿದೆ.

ಮೊದಲು ನಮ್ಮ ನೆರೆಯ ಮಾತು. ಚಿಕ್ಕಬಳ್ಳಾಪುರಕ್ಕೆ 08156, ಗೌರಿಬಿದನೂರಿಗೆ 08155, ಚಿಂತಾಮಣಿಗೆ 08154, ಶಿಡ್ಲಘಟ್ಟಕ್ಕೆ 08158. ಒಂದೇ ಸೀಮೆಯ ನಾಲ್ಕು ಪಟ್ಟಣಗಳಿಗೆ ನಾಲ್ಕು ಎಸ್‌ಟಿಡಿ ಸಂಖ್ಯೆಗಳು. ಹಳೆಯ ಅಂಗಡಿಗಳ ಫಲಕಗಳಲ್ಲಿ ಈಗಲೂ ಇವು ಮಾಸಿದ ಬಣ್ಣದಲ್ಲಿ ಕಾಣಸಿಗುತ್ತವೆ. ಮನೆಗೊಂದು ದೂರವಾಣಿ ಬೇಕಾದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಾದ ಕಾಲವೊಂದಿತ್ತು. ಸೌದಿಗೋ ದುಬೈಗೋ ದುಡಿಯಲು ಹೋದವರ ಮನೆಯವರು ಎಸ್‌ಟಿಡಿ-ಐಎಸ್‌ಡಿ ಬೂತಿನ ಗಾಜಿನ ಪೆಟ್ಟಿಗೆಯೊಳಗೆ ನಿಂತು, ಏರುವ ಮೀಟರಿನ ಕೆಂಪಂಕಿಗಳನ್ನು ನೋಡುತ್ತಲೇ ಮಾತು ಮುಗಿಸುತ್ತಿದ್ದರು. ಸಲಾಂ ಹೇಳಿ ಮಕ್ಕಳ ಯೋಗಕ್ಷೇಮ ವಿಚಾರಿಸುವಷ್ಟರಲ್ಲಿ ದಿನದ ಕೂಲಿ ಕರಗುತ್ತಿತ್ತು. ಆ ಕಾಲವೇ ಚೆನ್ನಾಗಿತ್ತೆಂದು ನಾವು ಹೇಳಲಾರೆವು.

ಕಡಲಾಚೆಗೆ ಹೋಗುವ ಆ ಕರೆಗಳೆಲ್ಲ ಒಂದೇ ಹೆಬ್ಬಾಗಿಲ ಮೂಲಕ ಸಾಗುತ್ತಿದ್ದವು. ಅದುವೇ ವಿದೇಶ ಸಂಚಾರ ನಿಗಮ, ಅರ್ಥಾತ್ ವಿಎಸ್‌ಎನ್‌ಎಲ್. 1986ರಲ್ಲಿ ಸ್ಥಾಪನೆಯಾದ ಈ ಸರಕಾರಿ ಕಂಪನಿಯೇ 1995ರ ಆಗಸ್ಟ್ 15ರಂದು ದೇಶದ ಜನಸಾಮಾನ್ಯರಿಗೆ ಇಂಟರ್‌ನೆಟ್ ಬಾಗಿಲು ತೆರೆಯಿತು. ಅದು ನಷ್ಟದ ಕಂಪನಿಯಾಗಿರಲಿಲ್ಲ. ಸರಕಾರಕ್ಕೆ ಲಾಭ ತರುತ್ತಿದ್ದ ಕಂಪನಿ. ಆದರೂ 2002ರ ಫೆಬ್ರವರಿಯಲ್ಲಿ ವಾಜಪೇಯಿ ಸರಕಾರವು ಅದರ ಶೇ. 25 ಪಾಲನ್ನೂ ಅದರೊಂದಿಗೆ ಆಡಳಿತವನ್ನೂ 1,439 ಕೋಟಿ ರೂಪಾಯಿಗೆ ಟಾಟಾ ಸಮೂಹಕ್ಕೆ ವಹಿಸಿಕೊಟ್ಟಿತು. ಕಂಪನಿಗಳನ್ನು ಮಾರುವುದಕ್ಕೆಂದೇ ಆಗ ಒಂದು ಸಚಿವಾಲಯವಿತ್ತು, ಅದಕ್ಕೆ ಅರುಣ್ ಶೌರಿಯವರು ಸಚಿವರಾಗಿದ್ದರು ಎಂಬುದನ್ನು ಇಂದಿನ ಯುವಕರು ಕೇಳಿ ಅಚ್ಚರಿಪಡಬಹುದು.

ಮುಂದೇನಾಯಿತು? ಮಾರಾಟದ ಶಾಯಿ ಒಣಗುವ ಮುನ್ನವೇ, ಅದೇ ವರ್ಷ, ವಿಎಸ್‌ಎನ್‌ಎಲ್‌ನ 1,200 ಕೋಟಿ ರೂಪಾಯಿಯನ್ನು ಟಾಟಾಗಳದ್ದೇ ಇನ್ನೊಂದು ಕಂಪನಿಯಾದ ಟಾಟಾ ಟೆಲಿಸರ್ವಿಸಸ್‌ನಲ್ಲಿ ತೊಡಗಿಸುವ ನಿರ್ಧಾರ ಹೊರಬಿತ್ತು. ಸ್ವತಃ ದೂರಸಂಪರ್ಕ ಸಚಿವ ಪ್ರಮೋದ್ ಮಹಾಜನರೇ ಇದನ್ನು ಬಹಿರಂಗವಾಗಿ ಆಕ್ಷೇಪಿಸಬೇಕಾಯಿತು. ಕಂಪನಿಯ ಬಳಿ ಪುಣೆ, ಕೋಲ್ಕತಾ, ದೆಹಲಿ, ಚೆನ್ನೈಗಳಲ್ಲಿದ್ದ ಏಳು ನೂರಕ್ಕೂ ಹೆಚ್ಚು ಎಕರೆ ಹೆಚ್ಚುವರಿ ಜಮೀನು ಮಾರಾಟದ ಭಾಗವಲ್ಲ, ಅದು ಪ್ರತ್ಯೇಕಗೊಳ್ಳಬೇಕು ಎಂಬುದು ಒಪ್ಪಂದದಲ್ಲೇ ಇತ್ತು. ಆ ಜಮೀನು ಬೇರೆ ಕಂಪನಿಗೆ ವರ್ಗವಾಗಲು ಹೆಚ್ಚುಕಡಿಮೆ ಹದಿನೆಂಟು ವರ್ಷ ಹಿಡಿಯಿತು. ಸಾರ್ವಜನಿಕ ಆಸ್ತಿ ಒಮ್ಮೆ ಕೈಬಿಟ್ಟರೆ ಮರಳಿ ಪಡೆಯುವುದು ಎಷ್ಟು ಕಷ್ಟವೆಂದು, ವಕ್ಫ್ ಜಮೀನಿನ ಹಳೆಯ ಗುತ್ತಿಗೆ ಪತ್ರಗಳನ್ನು ಹಿಡಿದು ನ್ಯಾಯಾಲಯಕ್ಕೆ ಅಲೆದ ನಮ್ಮ ಜಮಾಅತಿನ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಂಪನಿ ಬೆಳೆಯಿತೆಂಬುದು ಸುಳ್ಳಲ್ಲ. ಟೈಕೋದ ಜಾಗತಿಕ ಕಡಲತಳದ ಕೇಬಲ್ ಜಾಲವನ್ನು ಅದು 13 ಕೋಟಿ ಡಾಲರಿಗೆ ಕೊಂಡಿತು, ಬಳಿಕ ಕೆನಡಾ ಮೂಲದ ಟೆಲಿಗ್ಲೋಬನ್ನು ಕೊಂಡಿತು, 2008ರಲ್ಲಿ ಟಾಟಾ ಕಮ್ಯುನಿಕೇಷನ್ಸ್ ಎಂದು ಹೆಸರು ಬದಲಿಸಿಕೊಂಡಿತು. ಇಂದು ಜಗತ್ತಿನ ದೊಡ್ಡ ಕಡಲತಳ ಕೇಬಲ್ ಒಡೆಯರಲ್ಲಿ ಅದೂ ಒಂದು. ನಾವು ಇದನ್ನು ಮೆಚ್ಚುತ್ತೇವೆ. ಆದರೆ ಎರಡು ಮಾತುಗಳನ್ನು ಸೇರಿಸದೆ ಈ ಮೆಚ್ಚುಗೆ ಪೂರ್ಣವಾಗದು. ಗಲ್ಫಿನ ಕರೆ ಅಗ್ಗವಾದದ್ದು ಮಾಲೀಕರು ಬದಲಾದದ್ದರಿಂದಲ್ಲ. 2002ರ ಏಪ್ರಿಲ್‌ನಲ್ಲಿ ವಿಎಸ್‌ಎನ್‌ಎಲ್‌ನ ಏಕಸ್ವಾಮ್ಯ ಕೊನೆಗೊಂಡು ಬೇರೆಯವರಿಗೂ ಬಾಗಿಲು ತೆರೆದದ್ದರಿಂದ, ಬಳಿಕ ಇಂಟರ್‌ನೆಟ್ ಮೂಲಕ ಮಾತಾಡುವುದು ಸಾಧ್ಯವಾದದ್ದರಿಂದ. ಮಾಲೀಕತ್ವ ಬೇರೆ, ಪೈಪೋಟಿ ಬೇರೆ. ಇವೆರಡನ್ನೂ ಬೆರೆಸಿ ಹೇಳುವವರು ನಮ್ಮನ್ನು ದಾರಿ ತಪ್ಪಿಸುತ್ತಿದ್ದಾರೆ. ಇನ್ನೊಂದು, ಸರಕಾರ ತನ್ನಲ್ಲಿ ಉಳಿಸಿಕೊಂಡಿದ್ದ ಶೇ. 26ರಷ್ಟು ಪಾಲನ್ನು 2021ರಲ್ಲಿ ಮಾರಿದಾಗ ಎಂಟು ಸಾವಿರ ಕೋಟಿಗೂ ಹೆಚ್ಚು ಹಣ ಬಂತು. ಹತ್ತೊಂಬತ್ತು ವರ್ಷಗಳಲ್ಲಿ ರೂಪಾಯಿಯ ಬೆಲೆ ಇಳಿದಿದೆ, ನಿಜ. ಆದರೂ ಆಡಳಿತದ ಬೀಗದ ಕೈಯನ್ನೂ ಸೇರಿಸಿ ಕೊಟ್ಟ ಪಾಲಿಗೆ 1,439 ಕೋಟಿ, ಬರೀ ಷೇರಿಗೆ ಎಂಟು ಸಾವಿರ ಕೋಟಿ ಎಂಬ ಲೆಕ್ಕವನ್ನು ನೋಡಿದವರು ಆತುರದ ಮಾರಾಟವನ್ನು ಜಾಣತನವೆನ್ನಲಾರರು.

ಇನ್ನು ಬಿಎಸ್‌ಎನ್‌ಎಲ್ ಕಡೆಗೆ ಬರೋಣ. 2000ದ ಅಕ್ಟೋಬರ್ 1ರಂದು ದೂರಸಂಪರ್ಕ ಇಲಾಖೆಯಿಂದ ಬೇರ್ಪಟ್ಟು ಕಂಪನಿಯಾದ ಈ ಸಂಸ್ಥೆ ಸೋಮಾರಿತನದಿಂದ ಸೊರಗಿತೆಂದು ಎಲ್ಲರೂ ನಂಬಿದ್ದಾರೆ. ಸೋಮಾರಿತನ ಇರಲಿಲ್ಲವೆಂದು ನಾವೂ ವಾದಿಸುವುದಿಲ್ಲ. ತಂತಿ ಕಡಿದರೆ ವಾರಗಟ್ಟಲೆ ತಿರುಗಿ ನೋಡದ, ಸರಿಪಡಿಸಿದ ಮೇಲೆ ‘ಚಹಾ ಖರ್ಚು’ ನಿರೀಕ್ಷಿಸುವ ಸರಕಾರಿ ಸಂಸ್ಕೃತಿಯನ್ನು ಸಣ್ಣ ಪಟ್ಟಣಗಳ ಜನ ಕಂಡಿದ್ದಾರೆ. ಇಂದು ಅವರು ತೋರುವ ಉಪೇಕ್ಷೆಯ ಬೇರು ಅಲ್ಲಿದೆ. ಆದರೆ ಸಂಸ್ಥೆ ಕುಸಿದದ್ದು ಇದೊಂದರಿಂದಲೇ ಅಲ್ಲ. 2002ರ ಅಕ್ಟೋಬರ್‌ನಲ್ಲಿ ಅದು ಮೊಬೈಲ್ ರಂಗಕ್ಕೆ ಕಾಲಿಟ್ಟಾಗ ಖಾಸಗಿ ಕಂಪನಿಗಳು ದರ ಇಳಿಸಬೇಕಾಯಿತು. ಸಿಮ್‌ಗಾಗಿ ಜನ ಸರತಿಯಲ್ಲಿ ನಿಂತರು. ಬೇಡಿಕೆ ಅಷ್ಟಿದ್ದಾಗ ಉಪಕರಣ ಕೊಳ್ಳಲು ಕರೆದ ನಾಲ್ಕೂವರೆ ಕೋಟಿ ಸಂಪರ್ಕಗಳ ಟೆಂಡರು 2007ರಲ್ಲಿ ವಿವಾದದಲ್ಲಿ ಸಿಕ್ಕಿ ಅರ್ಧಕ್ಕಿಳಿಯಿತು. ಆಮೇಲಿನ ಒಂಬತ್ತು ಕೋಟಿ ಮೀರಿದ ಟೆಂಡರು 2010ರಲ್ಲಿ ರದ್ದೇ ಆಯಿತು. ಅದೇ ವರ್ಷ, ಖಾಸಗಿಯವರು ತಮಗೆ ಲಾಭವಿರುವ ರಾಜ್ಯಗಳನ್ನು ಆರಿಸಿ ಹರಾಜಿನಲ್ಲಿ ಕೂಗಿದ ದರವನ್ನೇ ಬಿಎಸ್‌ಎನ್‌ಎಲ್ ದೇಶವಿಡೀ ತೆರಬೇಕೆಂದು ಅಪ್ಪಣೆಯಾಯಿತು. 3ಜಿ ಮತ್ತು ಬ್ರಾಡ್‌ಬ್ಯಾಂಡ್ ತರಂಗಗಳಿಗೆಂದು ಹದಿನೆಂಟು ಸಾವಿರ ಕೋಟಿಗೂ ಹೆಚ್ಚು ಹಣ ಅದರ ಖಜಾನೆಯಿಂದ ಹೋಯಿತು. 2009-10ರಲ್ಲಿ ಆರಂಭವಾದ ನಷ್ಟ ವರ್ಷದಿಂದ ವರ್ಷಕ್ಕೆ ಹಿಗ್ಗಿತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು 4ಜಿ. ಬೆಂಗಳೂರಿನಲ್ಲಿ ಖಾಸಗಿ 4ಜಿ ಬಂದದ್ದು 2012ರಲ್ಲಿ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಅದನ್ನು ಮನೆಮನೆಗೆ ಮುಟ್ಟಿಸಿತು. ಬಿಎಸ್‌ಎನ್‌ಎಲ್‌ಗೆ ದೇಶವ್ಯಾಪಿ 4ಜಿ ತರಂಗ ಕೊಡಲು ಕೇಂದ್ರ ಸಂಪುಟ ಒಪ್ಪಿದ್ದು 2019ರ ಅಕ್ಟೋಬರ್‌ನಲ್ಲಿ. ಅದರ ಸ್ವದೇಶಿ 4ಜಿ ಜಾಲವನ್ನು ಪ್ರಧಾನಿ ಉದ್ಘಾಟಿಸಿದ್ದು 2025ರ ಸೆಪ್ಟೆಂಬರ್ 27ರಂದು. ಕುದುರೆಯ ಕಾಲು ಕಟ್ಟಿ, ಪಂದ್ಯದಲ್ಲಿ ಹಿಂದೆ ಬಿತ್ತೆಂದು ಚಾಟಿಯೇಟು ಕೊಡುವುದು ಯಾವ ನ್ಯಾಯ? ನಡುವೆ, 2020ರ ಜನವರಿ ಕೊನೆಗೆ, ಸುಮಾರು 78 ಸಾವಿರ ನೌಕರರು ಸ್ವಯಂ ನಿವೃತ್ತಿ ಪಡೆದು ಒಂದೇ ದಿನ ಮನೆಗೆ ಹೋದರು. ಅಂದರೆ ಸಿಬ್ಬಂದಿಯ ಅರ್ಧ ಭಾಗ. ಮುಚ್ಚಿದ ಕೌಂಟರುಗಳು, ಗುತ್ತಿಗೆಯ ಹುಡುಗರ ಮೇಲೆ ಬಿದ್ದ ದುರಸ್ತಿ ಕೆಲಸ ಇದರ ಫಲ. (ಆ ಸ್ವದೇಶಿ ಜಾಲವನ್ನು ಕಟ್ಟಿಕೊಟ್ಟದ್ದು ಸರಕಾರದ ಸಿ-ಡಾಟ್, ಬೆಂಗಳೂರಿನ ತೇಜಸ್ ಮತ್ತು ಟಿಸಿಎಸ್. ಕೊನೆಯ ಎರಡೂ ಟಾಟಾಗಳದ್ದೇ. ಮಾರಿದ ಕಂಪನಿ ಕೊಂಡವರೂ ಅವರೇ, ಮಾರದ ಕಂಪನಿಗೆ ಉಪಕರಣ ಕೊಟ್ಟವರೂ ಅವರೇ!)

ಸಿ-ಡಾಟ್ ಎಂದಾಗ ನೆನಪಾಗುತ್ತದೆ. ಸರಕಾರಿ ಸಂಸ್ಥೆಗಳಿಂದ ಏನೂ ಆಗದೆನ್ನುವವರು, ಹಳ್ಳಿಗಳಿಗೆಂದು ಅದು ರೂಪಿಸಿದ ಮೊದಲ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಚಾಲನೆಗೊಂಡಿತೆಂಬುದನ್ನು ಮರೆಯಬಾರದು. ಧೂಳು, ಸೆಖೆಗಳನ್ನು ಸಹಿಸಿ, ಹವಾನಿಯಂತ್ರಣವಿಲ್ಲದೆ ನಡೆಯುವ ಯಂತ್ರವದು. ಲಾಭದ ಲೆಕ್ಕ ಮಾತ್ರ ತಿಳಿದವರು ಅಂಥದನ್ನು ಮಾಡುತ್ತಿರಲಿಲ್ಲ.

ಇದೆಲ್ಲ ದೆಹಲಿಯ ವಿಷಯ, ನಮಗೇನು ಎಂದು ಕೇಳುವವರು ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಹೋಗಿ ನೋಡಲಿ. ಅಲ್ಲಿ ಹರಾಜು ಈಗ ಕೂಗಿನಿಂದ ಇ-ಹರಾಜಿಗೆ ಬದಲಾಗಿದೆ. ನಮ್ಮ ಸಮುದಾಯದ ನೂರಾರು ಕುಟುಂಬಗಳ ಅನ್ನ ನೂಲು ಬಿಚ್ಚಾಣಿಕೆಯಲ್ಲಿದೆ. ಸಣ್ಣ ರೀಲರಿಗೆ ಸಂಪರ್ಕವೆಂಬುದು ಚರಕದಷ್ಟೇ ಅಗತ್ಯದ ಸಾಧನವಾಗಿಬಿಟ್ಟಿದೆ. ಚಿಂತಾಮಣಿಯ ಟೊಮ್ಯಾಟೊ ವ್ಯಾಪಾರಿಗೂ, ಗೌರಿಬಿದನೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗುವ ಯುವಕನಿಗೂ ಇದೇ ಮಾತು. ಹೀಗಿರುವಾಗ ದರ ನಿರ್ಧರಿಸುವವರು ಯಾರು ಎಂಬುದು ನಮ್ಮ ಅಡುಗೆಮನೆಯ ಪ್ರಶ್ನೆಯಾಗುತ್ತದೆ.

ಒಂದು ಕಾಲದಲ್ಲಿ ಹತ್ತಾರು ಕಂಪನಿಗಳಿದ್ದ ಈ ರಂಗದಲ್ಲಿ ಇಂದು ಹತ್ತರಲ್ಲಿ ಏಳಕ್ಕೂ ಹೆಚ್ಚು ಮೊಬೈಲ್ ಗ್ರಾಹಕರು ಕೇವಲ ಎರಡು ಕಂಪನಿಗಳ ಕೈಯಲ್ಲಿದ್ದಾರೆ. ‘ಜೀವಮಾನವಿಡೀ ಒಳಬರುವ ಕರೆ ಉಚಿತ’ ಎಂದು 2005-06ರಲ್ಲಿ ಡಂಗುರ ಸಾರಿದ್ದ ಉದ್ಯಮವೇ 2018ರ ಕೊನೆಯಿಂದ ಕನಿಷ್ಠ ರೀಚಾರ್ಜ್ ಹಾಕಿಸದಿದ್ದರೆ ಒಳಕರೆಯನ್ನೂ ನಿಲ್ಲಿಸತೊಡಗಿತು. ತಿಂಗಳ ಹೆಸರಿನಲ್ಲಿ ಕೊಡುವುದು 28 ದಿನ. ವರ್ಷಕ್ಕೆ ಹದಿಮೂರು ಸಲ ಹಣ. ನಮ್ಮ ಹಿಜರಿ ತಿಂಗಳು ಕೂಡ 29 ದಿನಕ್ಕಿಂತ ಕಡಿಮೆಯಾಗುವುದಿಲ್ಲ! ಕನಿಷ್ಠ ಒಂದಾದರೂ 30 ದಿನದ ಯೋಜನೆ ಇರಬೇಕೆಂದು 2022ರಲ್ಲೂ, ಡಾಟಾ ಬೇಡದವರಿಗೆ ಬರೀ ಕರೆ-ಸಂದೇಶದ ಯೋಜನೆ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲೂ ಟ್ರಾಯ್ ಆದೇಶಿಸಬೇಕಾಯಿತು. ಮಗನ ಕರೆಗಾಗಿ ಮಾತ್ರ ಸಣ್ಣ ಫೋನು ಇಟ್ಟುಕೊಂಡಿರುವ ವಿಧವೆ ತಾಯಿ ತನಗೆ ಬೇಡದ ಡಾಟಾಕ್ಕೂ ಹಣ ತೆರುತ್ತಿದ್ದಳು.

2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪನಿಗಳು ಒಟ್ಟಿಗೆ ದರ ಏರಿಸಿದಾಗ ಲಕ್ಷಾಂತರ ಜನ ಬಿಎಸ್‌ಎನ್‌ಎಲ್ ಕಡೆಗೆ ಹೊರಳಿದರು. 4ಜಿ ಆಗಿನ್ನೂ ಎಲ್ಲೆಡೆ ಇರದ ಕಾರಣ ಹಲವರು ಮರಳಿಯೂ ಹೋದರು. ಆದರೆ ಹೊರಳಲು ಒಂದು ಜಾಗವಿತ್ತು. ಅದೇ ವರ್ಷದ ಅಕ್ಟೋಬರ್-ಡಿಸೆಂಬರ್ ಅವಧಿಯಲ್ಲಿ ಆ ಸಂಸ್ಥೆ 262 ಕೋಟಿ ರೂಪಾಯಿ ಲಾಭ ತೋರಿಸಿತು. ತ್ರೈಮಾಸಿಕ ಲಾಭ ಕಂಡದ್ದು ಹದಿನೇಳು ವರ್ಷಗಳಲ್ಲಿ ಅದೇ ಮೊದಲು. 2019ರಿಂದ ಮೂರು ಕಂತುಗಳಲ್ಲಿ ಮೂರು ಲಕ್ಷ ಕೋಟಿಗೂ ಮಿಕ್ಕಿದ ಪುನಶ್ಚೇತನ ಯೋಜನೆಗಳನ್ನು ಅದಕ್ಕೆಂದು ಘೋಷಿಸಲಾಗಿದೆ. ಅದು ನಮ್ಮ ತೆರಿಗೆಯ ಹಣ, ನಮ್ಮ ಅಮಾನತು. ಅದನ್ನು ಹಾಕಿ ಹಸನುಗೊಳಿಸಿದ ಮೇಲೆ ಮತ್ತೊಂದು ವಿಎಸ್‌ಎನ್‌ಎಲ್ ವ್ಯವಹಾರ ನಡೆದರೆ ಅದನ್ನು ಸುಧಾರಣೆ ಎನ್ನಲು ನಾವು ಸಿದ್ಧರಿಲ್ಲ. ಪಟ್ಟಣಗಳ ನಡುಮಧ್ಯದಲ್ಲಿರುವ ಅದರ ನಿವೇಶನಗಳ ಮೇಲೆ ಈಗಾಗಲೇ ‘ನಗದೀಕರಣ’ದ ಕಣ್ಣು ಬಿದ್ದಿದೆ.

ದೂರವಾಣಿ ಸಲಹಾ ಸಮಿತಿಗಳೆಂಬುವು ಇನ್ನೂ ಇವೆ. ಅವುಗಳಿಗೆ ಸದಸ್ಯರನ್ನು ಹೆಸರಿಸುವವರು ಸಂಸದರು. ನಮ್ಮ ನಾಲ್ಕು ಪಟ್ಟಣಗಳಿಗೆ ಇಬ್ಬರು ಸಂಸದರಿದ್ದಾರೆ. ಚಿಕ್ಕಬಳ್ಳಾಪುರ, ಗೌರಿಬಿದನೂರು ಚಿಕ್ಕಬಳ್ಳಾಪುರ ಕ್ಷೇತ್ರದಲ್ಲಿವೆ, ಶಿಡ್ಲಘಟ್ಟ, ಚಿಂತಾಮಣಿ ಕೋಲಾರ ಕ್ಷೇತ್ರದಲ್ಲಿವೆ. ಆ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ನಡೆಯಿತು, ಯಾವ ಹಳ್ಳಿಯ ಗೋಪುರಕ್ಕೆ 4ಜಿ ಬಂದಿದೆ, ಯಾವುದಕ್ಕೆ ಬಂದಿಲ್ಲ ಎಂದು ನಮ್ಮ ರೀಲರುಗಳ ಸಂಘಗಳೂ ಜಮಾಅತುಗಳೂ ಇವರಿಬ್ಬರಿಗೆ ಲಿಖಿತವಾಗಿ ಕೇಳಲಿ. ಮಾರುಕಟ್ಟೆಯ ಸುತ್ತಲಿನ ಗೋಪುರಗಳಿಂದಲೇ ಆರಂಭಿಸಬಹುದು.