ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಾರಿಗೆ ಹೀಟರ್ ಏಕೆ, ನಿಮ್ಮದೇನು ಕಾಶ್ಮೀರವೇ ಎಂದು ಬಯಲುಸೀಮೆಯ ನೆಂಟರು ನಗುವುದುಂಟು. ಆಷಾಢದ ಮಳೆಯಲ್ಲಿ ಶೃಂಗೇರಿಯಿಂದ ಕೆರೆಕಟ್ಟೆಯ ಮೇಲೆ ಕಾರ್ಕಳದ ಕಡೆಗೆ ಒಮ್ಮೆ ಇಳಿದವರು ಹಾಗೆ ನಗಲಾರರು. ಕಿಟಕಿ ತೆರೆದರೆ ಮಳೆ ಒಳಗೆ ಬರುತ್ತದೆ. ಮುಚ್ಚಿದರೆ ನಾಲ್ವರ ಉಸಿರು, ಒದ್ದೆ ಕೊಡೆ, ಒದ್ದೆ ಬಟ್ಟೆಗಳ ತೇವವೆಲ್ಲ ತಣ್ಣನೆಯ ಗಾಜಿನ ಒಳಮೈಯಲ್ಲಿ ಹನಿಗಟ್ಟುತ್ತದೆ. ವೈಪರ್ ಹೊರಗಿನ ನೀರನ್ನು ಒರೆಸೀತು, ಒಳಗಿನ ಮಬ್ಬನ್ನಲ್ಲ. ಅದನ್ನು ಕಳೆಯಬೇಕಾದದ್ದು ಬ್ಲೋವರಿನ ಗಾಳಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಬ್ಲೋವರ್ ಸುಖದ ವಸ್ತುವಲ್ಲ, ಚಾಲಕನ ಕಣ್ಣು.

ಕೆಲವು ಮಳೆಗಾಲಗಳ ಹಿಂದೆ ಬಾಳೆಹೊನ್ನೂರಿನಿಂದ ಕೊಪ್ಪಕ್ಕೆ ಬರುವಾಗ ನನ್ನ ಹಳೆಯ ಕಾರಿನ ಬ್ಲೋವರ್ ನಿಂತಿತು. ಪಕ್ಕದಲ್ಲಿದ್ದ ನನ್ನಾಕೆ ಸೆರಗಿನಿಂದ ಗಾಜು ಒರೆಸುತ್ತಲೇ ಇದ್ದರು. ತಿರುವಿನಲ್ಲಿ ಎದುರಾದ ಬಸ್ಸಿನ ದೀಪದ ಬೆಳಕು ಗಾಜಿನ ತುಂಬ ಹರಡಿತೇ ಹೊರತು ಬಸ್ಸು ಕಾಣಲಿಲ್ಲ. ಒಂದು ಗೇಣಿನ ಅಂತರದಲ್ಲಿ ಉಳಿದೆವು.

ಮರುದಿನ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ನನ್ನದೇ ಶಿಷ್ಯ. ಯಾವುದನ್ನೂ ಬಿಚ್ಚಿ ನೋಡದೆ, "ಸಾರ್, ಮೋಟಾರ್ ಸುಟ್ಟಿದೆ, ಹೊಸದು ಹಾಕ್ಬೇಕು" ಎಂದ. ಹಾಕಿಸಿದೆ. ಎರಡು ದಿನ ತಿರುಗಿ ಮೂರನೆಯ ದಿನ ನಿಂತಿತು. ಬಳಿಕ ಸ್ವಿಚ್ ಬದಲಾಯಿತು, ಆಮೇಲೆ ರೆಸಿಸ್ಟರ್. ಗಾಳಿ ಮಾತ್ರ ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ನೆನಪಾಯಿತು.

ಹಳೆಯ ವಾಹನದ ಈ ಮಂಡಲದಲ್ಲಿ ಗುಟ್ಟೇನೂ ಇಲ್ಲ. ನನ್ನ ಕಾರಿನಲ್ಲಿ ಬ್ಯಾಟರಿಯ ವಿದ್ಯುತ್ತು ಫ್ಯೂಸ್ ದಾಟಿ, ಇಗ್ನಿಷನ್ ಸ್ವಿಚ್ಚಿನಿಂದ ಮೋಟಾರಿಗೆ ಬಂದು, ರೆಸಿಸ್ಟರ್ ಮತ್ತು ವೇಗದ ಸ್ವಿಚ್ಚುಗಳ ಮೂಲಕ ಕಾರಿನ ಬಾಡಿಗೆ, ಅಂದರೆ ಅರ್ತಿಗೆ, ಸೇರುತ್ತದೆ. ಕಡಿಮೆ ವೇಗಗಳಲ್ಲಿ ಪ್ರವಾಹವು ರೆಸಿಸ್ಟರನ್ನು ಹಾದುಹೋಗುತ್ತದೆ. ಅತಿ ಹೆಚ್ಚಿನ ವೇಗದಲ್ಲಿ ಅದನ್ನು ಬಿಟ್ಟು ನೇರವಾಗಿ ಸಾಗುತ್ತದೆ. ಆದ್ದರಿಂದ ಹೆಚ್ಚಿನ ವೇಗ ಮಾತ್ರ ಕೆಲಸ ಮಾಡಿದರೆ ಮೊದಲ ಅನುಮಾನ ರೆಸಿಸ್ಟರಿನ ಮೇಲೆ, ಮೋಟಾರಿನ ಮೇಲಲ್ಲ. ಯಾವ ವೇಗವೂ ಇಲ್ಲದಿದ್ದರೆ ಫ್ಯೂಸಿನಿಂದ ಅರ್ತಿನವರೆಗೆ ಒಂದೊಂದೇ ಹೆಜ್ಜೆ ಪರೀಕ್ಷಿಸಬೇಕು. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಎಲ್ಲೋ ತಂತಿ ಬಾಡಿಗೆ ತಾಗಿದೆ, ಇಲ್ಲವೇ ಇಲಿ ತಂದಿಟ್ಟ ಕಸದಿಂದ ಮೋಟಾರ್ ಬಿಗಿದಿದೆ. ಆಗ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತುವವರಿದ್ದಾರೆ. ಅದು ರಿಪೇರಿಯಲ್ಲ, ಬೆಂಕಿಗೆ ಕೊಟ್ಟ ಆಹ್ವಾನ.

ಕೊನೆಗೆ 21 ವಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ತಂತಿ ಕಟ್ಟಿಕೊಂಡು ನಾನೇ ಕುಳಿತೆ. ಮೋಟಾರಿನ ಕನೆಕ್ಟರ್ ಬಿಚ್ಚಿ, ವಿದ್ಯುತ್ತು ಬರುವ ತುದಿಗೂ ಕಾರಿನ ಬಾಡಿಗೂ ಬಲ್ಬ್ ಹಿಡಿದಾಗ ಪ್ರಕಾಶವಾಗಿ ಉರಿಯಿತು. ಸ್ವಿಚ್ಚನ್ನು ಹೆಚ್ಚಿನ ವೇಗದಲ್ಲಿಟ್ಟು ಕನೆಕ್ಟರಿನ ಎರಡೂ ತುದಿಗಳಿಗೆ ಹಿಡಿದಾಗ ಮಿಣುಕಿತು. ಅಲ್ಲಿಗೆ ದೋಷ ಅರ್ತಿನ ಕಡೆಗಿದೆಯೆಂದು ಸ್ಪಷ್ಟವಾಯಿತು. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಅರ್ತ್ ತಂತಿಯ ಸ್ಕ್ರೂ ಮಲೆನಾಡಿನ ತೇವಕ್ಕೆ ತುಕ್ಕು ಹಿಡಿದಿತ್ತು. ಮೋಟಾರ್ ಹಾಕುವಾಗ ತಂತಿ ಅಲುಗಾಡಿ ಎರಡು ದಿನ ಸಂಪರ್ಕ ಸಿಕ್ಕಿತ್ತು, ಅಷ್ಟೇ. ಉಪ್ಪುಕಾಗದದಿಂದ ಉಜ್ಜಿ, ಹೊಸ ಸ್ಕ್ರೂ ಬಿಗಿದು, ಮೇಲೆ ಗ್ರೀಸ್ ಸವರಿದೆ. ಗಾಳಿ ಬಂತು. "ಸುಟ್ಟ" ಹಳೆಯ ಮೋಟಾರನ್ನು ನೇರವಾಗಿ ಬ್ಯಾಟರಿಗೆ ಹಚ್ಚಿದರೆ ಅದೂ ಸೊಗಸಾಗಿ ತಿರುಗಿತು!

ಮೀಟರ್ ಇದ್ದವರಿಗೂ ಒಂದು ಎಚ್ಚರಿಕೆ. ಕನೆಕ್ಟರ್ ಬಿಚ್ಚಿ ಅಳೆದರೆ ತುಕ್ಕಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಪ್ರವಾಹವೇ ಇಲ್ಲ. 10 ಆಂಪಿಯರ್ ಹರಿಯುವ ದಾರಿಯಲ್ಲಿ ಅರ್ಧ ಓಮಿನ ತುಕ್ಕಿದ್ದರೆ 5 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ. ಹೊರೆ ಹೊರಿಸದೆ ತಂತಿಯ ಬಲ ತಿಳಿಯದು.

ಇದು 1827ರಲ್ಲಿ ಓಮ್ ಪ್ರಕಟಿಸಿದ ನಿಯಮ. ಆ ಹುಡುಗನಿಗೆ ಕಲಿಸಿದವನು ನಾನೇ. ಆತ ವ್ಯಾಖ್ಯೆಯನ್ನು ತಪ್ಪಿಲ್ಲದೆ ಬರೆದಿದ್ದ. ನಾನು ಪೂರ್ಣ ಅಂಕ ಕೊಟ್ಟಿದ್ದೆ. ಒಂದು ತುಕ್ಕು ಹಿಡಿದ ಮೊಳೆಯನ್ನು ಮಂಡಲಕ್ಕೆ ಸೇರಿಸಿ, "ಬಲ್ಬ್ ಏಕೆ ಮಿಣುಕುತ್ತಿದೆ, ಹುಡುಕಪ್ಪ" ಎಂದು ಎಂದೂ ಕೇಳಲಿಲ್ಲ. ಆ ಮಟ್ಟಿಗೆ ಅಪರಾಧದಲ್ಲಿ ನನ್ನ ಪಾಲೂ ಇದೆ.

ಅವನನ್ನು ಕರೆದು ತೋರಿಸಿದೆ. ಮುಖ ಸಣ್ಣದು ಮಾಡಿಕೊಂಡು ಹೇಳಿದ: "ಸಾರ್, ಮೋಟಾರ್ ಹಾಕಿದ್ರೆ ಜನ ದುಡ್ಡು ಕೊಡ್ತಾರೆ. ಒಂದು ಗಂಟೆ ಹುಡುಕಿ ತುಕ್ಕು ಒರೆಸಿದ್ರೆ, ಒಂದು ಸ್ಕ್ರೂ ತಿರುಗಿಸಿದ್ದಕ್ಕೆ ಇಷ್ಟಾ ಅಂತಾರೆ."

ಉತ್ತರ ಹೊಳೆಯಲಿಲ್ಲ. ಇಂಥ ಚೌಕಾಸಿ ನಾನೂ ಮಾಡಿದ್ದೇನೆ, ನೀವೂ ಮಾಡಿದ್ದೀರಿ. ವಸ್ತುವಿಗೆ ಬೆಲೆ ಕಟ್ಟುವ ನಾವು ವಿಚಾರಕ್ಕೆ ಕಟ್ಟುವುದಿಲ್ಲ. ಹಾಗಿರುವಾಗ ಅವನು ವಿಚಾರವನ್ನೇಕೆ ಮಾರಿಯಾನು?

1983ರಲ್ಲಿ ಬಂದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಅಂಥ ಹಳೆಯ ಗಾಡಿಗಳು ನಮ್ಮ ತೋಟದ ಮನೆಗಳಲ್ಲಿ ಇನ್ನೂ ಓಡುತ್ತಿವೆ. ಮುಂದಿನ ಮಳೆಗಾಲಕ್ಕೆ ಮುನ್ನ ಗ್ಯಾರೇಜಿಗೆ ಹೋದಾಗ, "ಮೊದಲು ಪರೀಕ್ಷಿಸಿ ದೋಷ ತೋರಿಸಪ್ಪ, ಅದಕ್ಕೂ ಕೂಲಿ ಕೊಡುತ್ತೇನೆ" ಎನ್ನಿ, ಕೊಡಿ ಕೂಡ. ಆ ಕೂಲಿ ಉಳಿಸಲು ಹೋಗಿ ನಾನು ಮೂರು ಬಿಡಿಭಾಗಗಳ ಬೆಲೆ ತೆತ್ತೆ.